ಮನೆಯ ಮೀನುತೊಟ್ಟಿಗೆ ಶುದ್ಧೀಕರಿಸಿದ ನೀರು: ಸಂಗ್ರಹ ಮತ್ತು ಸಾಗಣೆ

ಹೈದರಾಬಾದ್ ನಗರದ ಪಶ್ಚಿಮ ಭಾಗದಲ್ಲಿರುವ ಮಣಿಕೊಂಡ ಕೆಲವು ದಶಕಗಳ ಹಿಂದೆ ಬಂಡೆಗಲ್ಲುಗಳ ನಡುವಿನ ಒಂದು ಗ್ರಾಮವಾಗಿತ್ತು. ಸಮೀಪದ ಗಚ್ಚಿಬೌಲಿ, ನಾನಕ್‌ರಾಮ್‌ಗುಡಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳು ತಲೆಯೆತ್ತಿದ ಮೇಲೆ ಅದು ಬಹುಮಹಡಿ ವಸತಿ ಕಟ್ಟಡಗಳ ದಟ್ಟ ಬಡಾವಣೆಯಾಗಿ ಮಾರ್ಪಟ್ಟಿದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಈ ನಗರಕ್ಕೆ ಕನ್ನಡಿಗರು ಹೊಸಬರಲ್ಲ. ಉದ್ಯೋಗಕ್ಕಾಗಿ ಬಂದು ನೆಲೆಸಿದ ಕುಟುಂಬಗಳು ಇಲ್ಲಿನ ಫ್ಲ್ಯಾಟುಗಳಲ್ಲಿಯೂ ಇವೆ. ನಾಯಿ, ಬೆಕ್ಕುಗಳನ್ನು ಸಾಕಲು ಅನುಕೂಲವಿಲ್ಲದ ಇಂತಹ ಮನೆಗಳಲ್ಲಿ ಮಕ್ಕಳ ಸಂತೋಷಕ್ಕಾಗಿ ಗಾಜಿನ ಮೀನುತೊಟ್ಟಿಯನ್ನು ಇಡುವುದು ಸಾಮಾನ್ಯವಾಗಿದೆ.

ಮೀನುತೊಟ್ಟಿಯನ್ನು ಕೊಳ್ಳುವುದು ಸುಲಭ. ಅದಕ್ಕೆ ತಕ್ಕ ನೀರನ್ನು ಒದಗಿಸುವುದು ಅಷ್ಟು ಸುಲಭವಲ್ಲ. ವಸತಿ ಕಟ್ಟಡದ ನೆಲದಡಿಯ ಸಂಪಿಗೆ ಸಾಮಾನ್ಯವಾಗಿ ಮೂರು ಮೂಲಗಳಿಂದ ನೀರು ಬರುತ್ತದೆ: ಜಲಮಂಡಳಿಯ ಕೊಳವೆ ನೀರು, ಕಟ್ಟಡದ ಸ್ವಂತ ಕೊಳವೆಬಾವಿಯ ನೀರು ಮತ್ತು ಇವೆರಡೂ ಸಾಲದಾದಾಗ ಹಣ ಕೊಟ್ಟು ತರಿಸುವ ಟ್ಯಾಂಕರ್ ನೀರು. ಹೈದರಾಬಾದಿನ ಜಲಮಂಡಳಿ ಕೃಷ್ಣಾ, ಗೋದಾವರಿ, ಮಂಜೀರಾ ನದಿಗಳಿಂದ ತರುವ ನೀರು ತಕ್ಕಮಟ್ಟಿಗೆ ಮೃದುವಾಗಿರುತ್ತದೆ. ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಮೇಲೆ ಬರುವ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸಾಗಿರುತ್ತದೆ. ಟ್ಯಾಂಕರ್ ನೀರಿನ ಮೂಲ ಕೊಳ್ಳುವವರಿಗೆ ಗೊತ್ತಿರುವುದೇ ಅಪರೂಪ. ಹೀಗಾಗಿ ಒಂದೇ ನಲ್ಲಿಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಬರುವ ನೀರು ಬೇರೆ, ಏಪ್ರಿಲ್ ತಿಂಗಳಲ್ಲಿ ಬರುವ ನೀರು ಬೇರೆ. ಮನುಷ್ಯರು ಈ ವ್ಯತ್ಯಾಸವನ್ನು ರುಚಿಯಿಂದ ಗುರುತಿಸಿ ಸುಮ್ಮನಾಗುತ್ತಾರೆ. ಆದರೆ ಮೀನು ಆ ನೀರಿನಲ್ಲಿಯೇ ಉಸಿರಾಡಿ, ಅದರಲ್ಲಿಯೇ ವಿಸರ್ಜಿಸಿ ಬದುಕುವ ಜೀವಿ. ಅದಕ್ಕೆ ಬೇರೆ ದಾರಿಯಿಲ್ಲ. ಈ ಕಾರಣದಿಂದ ಅನೇಕರು ಶುದ್ಧೀಕರಣ ಯಂತ್ರದ ನೀರನ್ನು ಮೀನುತೊಟ್ಟಿಗೆ ಬಳಸತೊಡಗಿದ್ದಾರೆ. ಆ ನೀರನ್ನು ಹೇಗೆ ಕೂಡಿಡಬೇಕು, ಹೇಗೆ ಸಾಗಿಸಬೇಕು ಎಂಬುದನ್ನು ತಿಳಿಯದಿದ್ದಲ್ಲಿ ಶುದ್ಧೀಕರಣದ ಪ್ರಯೋಜನವೆಲ್ಲ ಮಾರ್ಗಮಧ್ಯದಲ್ಲಿಯೇ ನಷ್ಟವಾಗುವ ಸಂಭವವಿದೆ.

ಎಲ್ಲ ಮೀನಿಗೂ ಶುದ್ಧೀಕರಿಸಿದ ನೀರು ಬೇಕೆ?

ಜನರು ‘ಆರ್.ಒ.’ ಎಂದು ಕರೆಯುವ ಹಿಮ್ಮುಖ ಅಭಿಸರಣೆಯ ಯಂತ್ರದಲ್ಲಿ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸಲಾಗುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಫ್ಲೋರೈಡ್, ನೈಟ್ರೇಟ್ ಮುಂತಾದ ಲವಣಗಳ ಬಹುಭಾಗ ಪೊರೆಯ ಈಚೆಗೇ ಉಳಿದು, ಹೆಚ್ಚು ಕಡಿಮೆ ಲವಣರಹಿತವಾದ ನೀರು ಆಚೆಗೆ ಬರುತ್ತದೆ. ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ‘ಟಿ.ಡಿ.ಎಸ್.’ ಎಂಬ ಅಳತೆಯಿಂದ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸೂಚಿಸುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಮಾನಕದ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಈ ಪ್ರಮಾಣ 500 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಲ್ಲಿ 2,000ದವರೆಗೂ ಅನುಮತಿಯುಂಟು. ಒಟ್ಟು ಗಡಸುತನಕ್ಕೆ ಇದೇ ಬಗೆಯ ಮಿತಿಗಳು 200 ಮತ್ತು 600. ಇವು ಮನುಷ್ಯರಿಗಾಗಿ ನಿಗದಿಯಾದ ಮಿತಿಗಳೆಂಬುದನ್ನು ಮರೆಯಬಾರದು. ಅದೇ ಮಾನಕವು ಸೋಂಕು ನಿವಾರಣೆಗಾಗಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಹೇಳುತ್ತದೆ. ಮನುಷ್ಯನನ್ನು ಕಾಪಾಡುವ ಈ ಕ್ಲೋರಿನ್ನೇ ಮೀನಿನ ಕಿವಿರುಗಳನ್ನು ಸುಡುತ್ತದೆ.

ಹಾಗೆಂದು ಎಲ್ಲ ಮೀನುಗಳಿಗೂ ಆರ್.ಒ. ನೀರು ಬೇಕೆಂಬುದು ತಪ್ಪು ಗ್ರಹಿಕೆ. ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಸಾಕಷ್ಟು ಗಡಸಾದ ನೀರಿನಲ್ಲಿಯೇ ಚೆನ್ನಾಗಿ ಬಾಳುತ್ತವೆ. ಹೊನ್ನಮೀನು ಅಥವಾ ಗೋಲ್ಡ್‌ಫಿಶ್ ಕೂಡ ಅದಕ್ಕೆ ಹೊಂದಿಕೊಳ್ಳುತ್ತದೆ. ಇವನ್ನು ಸಾಕುವವರು ಕ್ಲೋರಿನ್ನನ್ನು ಕಳೆದು, ನೀರನ್ನು ಒಂದೇ ಬಗೆಯಾಗಿ ಕಾಯ್ದುಕೊಂಡರೆ ಸಾಕು. ಅಮೆಜಾನ್ ಪ್ರದೇಶದ ಮೃದುವಾದ ನೀರಿಗೆ ಒಗ್ಗಿದ ಡಿಸ್ಕಸ್, ನಿಯಾನ್ ಟೆಟ್ರಾ ಮುಂತಾದವುಗಳ ವಿಷಯ ಬೇರೆ. ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕಲ್ಲುಗಳ ಮೇಲೆ ಹರಿಯುವ ನೀರೂ ಮೃದುವಾದುದೇ. ‘ಮಿಸ್ ಕೇರಳ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಡೆನಿಸನ್ ಬಾರ್ಬ್ ಮತ್ತು ದಕ್ಷಿಣ ಕನ್ನಡದ ನದಿಗಳಿಗೆ ಸೀಮಿತವಾದ, ಹೆಸರಿನಲ್ಲಿಯೇ ಕೆನರಾವನ್ನು ಹೊತ್ತಿರುವ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಚುಕ್ಕೆ ಮೀನು ಇಂತಹ ಹೊಳೆಗಳ ನಿವಾಸಿಗಳು. ಇವುಗಳಿಗೆ ಮಣಿಕೊಂಡದ ಕೊಳವೆಬಾವಿಯ ನೀರನ್ನು ನೇರವಾಗಿ ಕೊಡುವಂತಿಲ್ಲ.

ಈ ವಿವೇಚನೆಗೆ ಇನ್ನೊಂದು ಕಾರಣವಿದೆ. ಮನೆಗಳಲ್ಲಿ ಬಳಸುವ ಆರ್.ಒ. ಯಂತ್ರಗಳು ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರುಗಳಷ್ಟು ನೀರನ್ನು ಹೊರಕ್ಕೆ ಬಿಡುವುದು ಸಾಮಾನ್ಯ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಕಟ್ಟಡದಲ್ಲಿ ಇದು ಸಣ್ಣ ವಿಷಯವಲ್ಲ. ಉದಾಹರಣೆಗೆ, ಕೊಳವೆಬಾವಿಯ ನೀರಿನ ಟಿ.ಡಿ.ಎಸ್. 800 ಇದ್ದು, ಯಂತ್ರವು ಒಂದಕ್ಕೆ ಮೂರರಂತೆ ನೀರನ್ನು ಹೊರಬಿಟ್ಟರೆ, ಹೊರಬಂದ ನೀರಿನಲ್ಲಿ ಸುಮಾರು 1,050 ಮಿಲಿಗ್ರಾಂ ಲವಣವಿರುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಹಾಕಲು ಧಾರಾಳವಾಗಿ ಬಳಸಬಹುದು. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ. ಹೀಗೆ ಹೊರಬರುವ ನೀರಿಗೆ ಪ್ರತ್ಯೇಕ ಬಕೆಟ್ಟನ್ನು ಇಡದೆ ಯಂತ್ರವನ್ನು ಚಾಲನೆ ಮಾಡುವುದು ಸರಿಯಲ್ಲ.

ಶುದ್ಧ ನೀರಿನ ಸ್ವಭಾವ

ಶುದ್ಧವಾದ ನೀರು ‘ಹಸಿದ’ ನೀರು ಎಂಬ ಮಾತು ಈ ಹವ್ಯಾಸದವರಲ್ಲಿದೆ. ಇದರಲ್ಲಿ ತಥ್ಯವಿದೆ. ಲವಣಗಳನ್ನು ಕಳೆದುಕೊಂಡ ನೀರು ತಾನು ಮುಟ್ಟಿದ ವಸ್ತುಗಳಿಂದ ಸ್ವಲ್ಪ ಸ್ವಲ್ಪವಾಗಿ ಅಂಶಗಳನ್ನು ಕರಗಿಸಿಕೊಳ್ಳುತ್ತದೆ. ತೆರೆದಿಟ್ಟಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಹುಳಿಯ ಕಡೆಗೆ ತಿರುಗುತ್ತದೆ, ಪಿ.ಎಚ್. ಮೌಲ್ಯ 7ರಿಂದ 6ಕ್ಕೂ ಕೆಳಗೆ ಇಳಿಯುವುದುಂಟು. ಸಾಮಾನ್ಯ ನೀರಿನಲ್ಲಿರುವ ಬೈಕಾರ್ಬನೇಟುಗಳು ಇಂತಹ ಏರಿಳಿತವನ್ನು ತಡೆಯುತ್ತವೆ. ಆರ್.ಒ. ನೀರಿನಲ್ಲಿ ಆ ತಡೆ ಇರುವುದಿಲ್ಲ.

ಆದ್ದರಿಂದ ಅಪ್ಪಟ ಆರ್.ಒ. ನೀರನ್ನೇ ತೊಟ್ಟಿಗೆ ತುಂಬುವುದು ಅಪಾಯಕರ. ಮೀನಿನ ದೇಹದ ದ್ರವದಲ್ಲಿ ಸುತ್ತಲಿನ ಸಿಹಿನೀರಿಗಿಂತ ಹೆಚ್ಚು ಲವಣವಿರುವುದರಿಂದ ನೀರು ಸದಾ ಅದರ ದೇಹದೊಳಕ್ಕೆ ನುಗ್ಗುತ್ತಿರುತ್ತದೆ. ಮೀನು ಅದನ್ನು ಮೂತ್ರದ ರೂಪದಲ್ಲಿ ಹೊರಹಾಕುತ್ತಾ, ಕಿವಿರುಗಳ ಮೂಲಕ ಲವಣಗಳನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತಾ ಸಮತೋಲವನ್ನು ಕಾಯ್ದುಕೊಳ್ಳುತ್ತದೆ. ಸುತ್ತಲಿನ ನೀರಿನಲ್ಲಿ ಲವಣವೇ ಇಲ್ಲದಿದ್ದರೆ ಈ ಕೆಲಸ ಅದಕ್ಕೆ ಭಾರವಾಗುತ್ತದೆ. ಜೊತೆಗೆ, ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯವನ್ನು ನೈಟ್ರೇಟಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ತಮ್ಮ ಕೆಲಸದಲ್ಲಿ ಬೈಕಾರ್ಬನೇಟನ್ನು ವ್ಯಯಿಸುತ್ತವೆ. ಅದು ಮುಗಿದಾಗ ತೊಟ್ಟಿಯ ಪಿ.ಎಚ್. ಹಠಾತ್ತನೆ ಕುಸಿಯುತ್ತದೆ, ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ, ಅಮೋನಿಯ ಸಂಗ್ರಹವಾಗುತ್ತದೆ. ನೋಡಲು ಸ್ಫಟಿಕದಂತೆ ತಿಳಿಯಾಗಿದ್ದ ನೀರಿನಲ್ಲಿ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯುವ ಅನೇಕ ಪ್ರಕರಣಗಳ ಹಿಂದೆ ಇದೇ ಕಾರಣವಿರುತ್ತದೆ.

ಇದಕ್ಕೆ ಸರಳವಾದ ಪರಿಹಾರವೆಂದರೆ ಬೆರಕೆ. ಕೊಳವೆಬಾವಿಯ ನೀರಿನ ಟಿ.ಡಿ.ಎಸ್. 800, ಆರ್.ಒ. ನೀರಿನದು 40 ಎಂದಿಟ್ಟುಕೊಳ್ಳೋಣ. ಮೀನಿಗೆ 200ರ ಸುಮಾರಿನ ನೀರು ಬೇಕಾದಲ್ಲಿ 79 ಲೀಟರ್ ಆರ್.ಒ. ನೀರಿಗೆ 21 ಲೀಟರ್ ಕೊಳವೆಬಾವಿಯ ನೀರನ್ನು ಸೇರಿಸಬೇಕು. ಮೂಲದ ನೀರು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಈ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ವರ್ಷವಿಡೀ ಅನುಸರಿಸುವಂತಿಲ್ಲ. ಪ್ರತಿ ಬಾರಿಯೂ ಅಳೆಯಬೇಕು. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮಾಪಕ ಈ ಕೆಲಸಕ್ಕೆ ಸಾಕು. ಆದರೆ ಅದು ಲವಣ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಯಾವ ಲವಣ ಎಂದು ಹೇಳುವುದಿಲ್ಲ. ಅಮೋನಿಯ, ಕ್ಲೋರಿನ್‌ಗಳನ್ನು ಗುರುತಿಸಲು ಅದರಿಂದ ಸಾಧ್ಯವಿಲ್ಲ. ಬೆರಕೆಗೆ ಬಳಸುವ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಹೆಚ್ಚಾಗಿರುವುದು ತಿಳಿದಿದ್ದಲ್ಲಿ ಆ ನೀರನ್ನು ಬಿಟ್ಟು, ಮೀನುತೊಟ್ಟಿಗಾಗಿಯೇ ಮಾರುವ ಖನಿಜ ಮಿಶ್ರಣವನ್ನು ಸೇರಿಸುವುದು ಉತ್ತಮ.

ಸಂಗ್ರಹ ಪಾತ್ರೆಯ ಆಯ್ಕೆ

ನಮ್ಮ ಮನೆಗಳಲ್ಲಿ ತಾಮ್ರದ ಕೊಡಕ್ಕೆ, ತಂಬಿಗೆಗೆ ಗೌರವದ ಸ್ಥಾನವಿದೆ. ರಾತ್ರಿ ತಾಮ್ರದಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿ ಹಳೆಯದು. ಮೀನಿನ ಪಾಲಿಗೆ ಮಾತ್ರ ತಾಮ್ರ ವಿಷ. ಅತ್ಯಲ್ಪ ಪ್ರಮಾಣವೂ ಸಿಗಡಿ, ಬಸವನಹುಳುಗಳನ್ನು ಕೊಲ್ಲಬಲ್ಲದು. ಮೃದುವಾದ ನೀರಿನಲ್ಲಿ ಅದರ ತೀವ್ರತೆ ಇನ್ನೂ ಹೆಚ್ಚು. ಹಿತ್ತಾಳೆಯ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರಿಗೂ, ಸತು ಲೇಪಿಸಿದ ಕಬ್ಬಿಣದ ಬಕೆಟ್ಟಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಆಹಾರ ಸಂಗ್ರಹಕ್ಕೆ ಯೋಗ್ಯವಾದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಡ್ರಮ್ಮುಗಳು ಈ ಕೆಲಸಕ್ಕೆ ತಕ್ಕವು. ಪಾತ್ರೆಯ ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂಬ ಅಂಕಿಯಿದ್ದರೆ ಅದು ಈ ಜಾತಿಯ ಪ್ಲಾಸ್ಟಿಕ್ ಎಂದು ತಿಳಿಯಬಹುದು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ನೀಲಿ ಡ್ರಮ್ಮುಗಳ ಪೂರ್ವಚರಿತ್ರೆ ತಿಳಿಯದೆ ಅವನ್ನು ಕೊಳ್ಳಬಾರದು. ಬಣ್ಣ, ದ್ರಾವಕ, ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಇಳಿದ ವಸ್ತು ಹೋಗುವುದಿಲ್ಲ. ಹೊಸ ಪಾತ್ರೆಯನ್ನು ಸಹ ಎರಡು ಮೂರು ಬಾರಿ ನೀರು ತುಂಬಿ, ಒಂದೊಂದು ದಿನ ಇಟ್ಟು ಚೆಲ್ಲಿ, ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಬಳಸಬೇಕು. ಸಾಬೂನು, ಪಾತ್ರೆ ತೊಳೆಯುವ ದ್ರವ ಇವುಗಳನ್ನು ಮುಟ್ಟಿಸಲೇಬಾರದು. ಬಕೆಟ್, ಮಗ್ಗು, ಕೊಳವೆ ಎಲ್ಲವೂ ಮೀನುತೊಟ್ಟಿಗೆಂದೇ ಪ್ರತ್ಯೇಕವಾಗಿರಲಿ; ಬಟ್ಟೆ ಒಗೆಯುವ ಬಕೆಟ್ಟನ್ನು ‘ಒಂದು ಸಲಕ್ಕೆ’ ಬಳಸಿ ಮೀನುಗಳನ್ನು ಕಳೆದುಕೊಂಡ ಮನೆಗಳು ಹಲವು.

ಕರ್ನಾಟಕದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿಂದ 20 ಲೀಟರ್ ಕ್ಯಾನುಗಳಲ್ಲಿ ನೀರು ತರುವುದು ವಾಡಿಕೆಯಾಗಿದೆ. ನಗರಗಳಲ್ಲಿ ಅದೇ ಕ್ಯಾನುಗಳು ಮನೆಬಾಗಿಲಿಗೆ ಬರುತ್ತವೆ. ಮನೆಯಲ್ಲಿ ಯಂತ್ರವಿಲ್ಲದವರು ಈ ನೀರನ್ನು ಬಳಸಬಹುದು. ಆದರೆ ಕ್ಯಾನುಗಳನ್ನು ಯಾವುದರಿಂದ ತೊಳೆಯುತ್ತಾರೆಂಬುದು ಹೊರಗಿನವರಿಗೆ ತಿಳಿಯದು. ಅಂತಹ ನೀರನ್ನು ತನ್ನದೇ ಡ್ರಮ್ಮಿಗೆ ಸುರಿದು, ಗಾಳಿ ಪಂಪಿನಿಂದ ಒಂದು ದಿನ ಗುಳ್ಳೆ ಹಾಯಿಸಿ, ಬಳಿಕ ಉಪಯೋಗಿಸುವುದು ಕ್ಷೇಮ.

ಮುಚ್ಚಳ ಮತ್ತು ಸೊಳ್ಳೆ

ಸಂಗ್ರಹದ ವಿಷಯದಲ್ಲಿ ಮನೆಯವರಷ್ಟೇ ಅಲ್ಲದೆ ನೆರೆಹೊರೆಯವರ ಆರೋಗ್ಯಕ್ಕೂ ಸಂಬಂಧಿಸಿದ ಅಂಶವೊಂದಿದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಹುಡುಕುವುದಿಲ್ಲ; ಮನೆಯ ಡ್ರಮ್ಮು, ತೊಟ್ಟಿ, ಕುಂಡಗಳ ಸ್ವಚ್ಛವಾದ ನಿಂತ ನೀರೇ ಅದಕ್ಕೆ ಪ್ರಿಯ. ನಗರಗಳಲ್ಲಿ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯೂ ಮೇಲ್ತೊಟ್ಟಿಗಳಲ್ಲಿ ಮೊಟ್ಟೆಯಿಡುತ್ತದೆ. ಕ್ಲೋರಿನ್ ಇಲ್ಲದ, ಅಲುಗಾಡದ, ಬಾಲ್ಕನಿಯ ನೆರಳಿನಲ್ಲಿ ವಾರಗಟ್ಟಲೆ ನಿಂತ ಮೀನುತೊಟ್ಟಿಯ ನೀರು ಇವುಗಳಿಗೆ ಹೇಳಿಮಾಡಿಸಿದ ತಾಣ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಆದಕಾರಣ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಅತ್ಯಗತ್ಯ. ಗಾಳಿಯ ಕೊಳವೆ ಹೋಗುವ ರಂಧ್ರವಿದ್ದಲ್ಲಿ ಅದಕ್ಕೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬೇಕು. ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ನೀರನ್ನು ಚೆಲ್ಲಿದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ವಾರಕ್ಕೊಮ್ಮೆ ಒಳಗೋಡೆಯನ್ನು ಕುಂಚದಿಂದ ಉಜ್ಜಬೇಕು. ಆರೋಗ್ಯ ಕಾರ್ಯಕರ್ತರು ಮರಿಹುಳುಗಳ ನಾಶಕ್ಕಾಗಿ ನಿಂತ ನೀರಿಗೆ ಔಷಧಿ ಹಾಕಲು ಬರುತ್ತಾರೆ. ಮುಚ್ಚಿದ ಡ್ರಮ್ಮಿನ ಮೇಲೆ ‘ಮೀನಿನ ನೀರು’ ಎಂದು ಆ ಊರಿನ ಭಾಷೆಯಲ್ಲಿ ಬರೆದಿಟ್ಟರೆ ಗೊಂದಲ ತಪ್ಪುತ್ತದೆ. ಅವರಿಗೆ ಡ್ರಮ್ಮಿನ ಮುಚ್ಚಳವನ್ನು ತೆರೆದು ತೋರಿಸಲು ಹಿಂಜರಿಯಬಾರದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಇನ್ನೂ ಒಂದು ಅಗತ್ಯವಿದೆ: ಅರ್ಧ ತುಂಬಿದ ಡ್ರಮ್ಮಿಗೆ, ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗು ತಾನಾಗಿ ಮೇಲೇಳಲಾರದು.

ಬಿಸಿಲು ಬೀಳುವ ಕಡೆ ಡ್ರಮ್ಮನ್ನು ಇಡಬಾರದು. ಬೆಳಕು ಹಾಯುವ ಪಾತ್ರೆಯಲ್ಲಿ ಪಾಚಿ ಬೆಳೆಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿನ ಬಿಸಿಲಿಗೆ ನೀರು ಕಾದು ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಕ್ಲೋರಿನ್ ಇಲ್ಲದ ನೀರಿನಲ್ಲಿ ಪಾತ್ರೆಯ ಗೋಡೆಗೆ ಜಾರುವ ಲೋಳೆಯೂ ಬೇಗ ಕಟ್ಟುತ್ತದೆ. ಒಂದೆರಡು ವಾರಗಳಿಗೆ ಬೇಕಾಗುವಷ್ಟನ್ನೇ ಕೂಡಿಡುವುದು ಲೇಸು.

ಸಾಗಣೆಯ ವಿಧಾನಗಳು

ನೀರನ್ನು ಸಾಗಿಸುವ ಅತಿ ಅಗ್ಗದ ಶಕ್ತಿ ಗುರುತ್ವಾಕರ್ಷಣೆ. ಇದಕ್ಕೆ ಮಣಿಕೊಂಡದ ಆಸುಪಾಸಿನಲ್ಲಿಯೇ ಹಿರಿಯ ನಿದರ್ಶನವಿದೆ. 1908ರ ಸೆಪ್ಟೆಂಬರ್ ತಿಂಗಳಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಧ್ವಂಸ ಮಾಡಿದ ಬಳಿಕ ನಿಜಾಮ ಸರ್ಕಾರವು ಎಂ. ವಿಶ್ವೇಶ್ವರಯ್ಯನವರ ಸಲಹೆಯನ್ನು ಪಡೆಯಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂಬುದು ಅವರ ಯೋಜನೆಯಾಗಿತ್ತು. ಅದರ ಫಲವಾಗಿ ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿಯೂ, ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದವು. ಉಸ್ಮಾನ್ ಸಾಗರದ ನೀರು ಯಾವ ಪಂಪಿನ ನೆರವೂ ಇಲ್ಲದೆ, ಇಳಿಜಾರಿನ ಕಾಲುವೆಯಲ್ಲಿ ತಾನಾಗಿಯೇ ಹರಿದು ಆಸಿಫ್ ನಗರದ ಶೋಧಕ ತೊಟ್ಟಿಗಳನ್ನು ತಲುಪುತ್ತಿತ್ತು. ಮನೆಯೊಳಗೆ ಡ್ರಮ್ಮಿನ ತಳವನ್ನು ಮೀನುತೊಟ್ಟಿಯ ಅಂಚಿಗಿಂತ ಮೇಲೆ ಇಡುವ ಅನುಕೂಲವಿದ್ದರೆ ಅದೇ ತತ್ತ್ವ ಇಲ್ಲಿಯೂ ನಡೆಯುತ್ತದೆ. ಒಂದು ಮೃದುವಾದ ಕೊಳವೆ, ಅದರ ತುದಿಗೊಂದು ಪ್ಲಾಸ್ಟಿಕ್ ಕವಾಟ ಇದ್ದರಾಯಿತು.

ಆದರೆ ನೀರಿನ ಭಾರವನ್ನು ಮರೆಯುವಂತಿಲ್ಲ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. 100 ಲೀಟರಿನ ಡ್ರಮ್ಮನ್ನು ಗೋಡೆಗೆ ಮೊಳೆ ಹೊಡೆದ ಹಲಗೆಯ ಮೇಲೆ ಇಡುವುದು ಅನಾಹುತಕ್ಕೆ ಆಹ್ವಾನ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯೇ ಸುಮಾರು 127 ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಲ್ಲುಗಳು ಸೇರಿದರೆ ಇಬ್ಬರು ದೊಡ್ಡವರಿಗಿಂತ ಹೆಚ್ಚು ಭಾರ. ಇಂತಹ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಾಯಿಸಲು 30 ಲೀಟರಿನಷ್ಟು ನೀರು ಬೇಕು. 20 ಲೀಟರಿನ ಕ್ಯಾನನ್ನು ಎದೆಯ ಎತ್ತರಕ್ಕೆ ಎತ್ತಿ ಸುರಿಯುವುದಕ್ಕಿಂತ 10 ಲೀಟರಿನ ಮೂರು ಕ್ಯಾನುಗಳನ್ನು ಬಳಸುವುದು ಸೊಂಟಕ್ಕೂ ಹಿತ, ಮೀನಿಗೂ ಹಿತ.

ಡ್ರಮ್ಮು ನೆಲದ ಮೇಲೆಯೇ ಇರಬೇಕಾದಲ್ಲಿ ನೀರಿನೊಳಗೆ ಮುಳುಗಿಸುವ ಸಣ್ಣ ಪಂಪನ್ನು ಬಳಸುತ್ತಾರೆ. ಪಂಪಿನ ಪೆಟ್ಟಿಗೆಯ ಮೇಲೆ ನಮೂದಿಸಿದ ಗರಿಷ್ಠ ಎತ್ತರದಲ್ಲಿ ಅದರ ಹರಿವು ಸೊನ್ನೆ ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಎರಡು ಮೀಟರ್ ಎಂದು ಬರೆದ ಪಂಪು ಒಂದೂವರೆ ಮೀಟರ್ ಎತ್ತರಕ್ಕೆ ತೊಟ್ಟಿಕ್ಕುವಂತೆ ಮಾತ್ರ ನೀರು ಕೊಡುತ್ತದೆ. ಆದ್ದರಿಂದ ಅಗತ್ಯದ ಎರಡು ಪಟ್ಟು ಎತ್ತರದ ಪಂಪನ್ನು ಆರಿಸಬೇಕು. ಪಂಪು ನಿಂತೊಡನೆ, ಕೊಳವೆಯ ತುದಿ ಮೀನುತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ, ನೀರು ಹಿಂದಕ್ಕೆ ಹರಿದು ಡ್ರಮ್ಮಿಗೆ ಇಳಿಯುತ್ತದೆ. ವಿದ್ಯುತ್ತು ಹೋದ ರಾತ್ರಿ ಅರ್ಧ ತೊಟ್ಟಿ ಬರಿದಾಗಿ ನೆಲವೆಲ್ಲ ನೀರಾಗುವುದು ಹೀಗೆ. ಕೊಳವೆಯ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟುವುದು ಇದಕ್ಕೆ ಅತ್ಯಂತ ಸುಲಭವಾದ ಉಪಾಯ. ಪಂಪಿನ ವಯರು ಪ್ಲಗ್ಗಿಗೆ ತಲುಪುವ ಮುನ್ನ ಒಮ್ಮೆ ಕೆಳಕ್ಕೆ ಜೋಲುಬಿದ್ದು ಮೇಲಕ್ಕೆ ಹೋಗುವಂತಿದ್ದರೆ ವಯರಿನ ಮೇಲೆ ಹರಿದ ನೀರು ಪ್ಲಗ್ಗನ್ನು ಸೇರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಮನೆಯ ವಿದ್ಯುತ್ ಫಲಕದಲ್ಲಿ ಸೋರಿಕೆಯನ್ನು ಗ್ರಹಿಸಿ ಸಂಪರ್ಕ ಕಡಿಯುವ ಸಾಧನವಿರಬೇಕು. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ಚನ್ನು ಆರಿಸುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಬೇಕು.

ಹಳೆಯ ನೀರನ್ನು ತೆಗೆಯಲು ಸೈಫನ್ ಕೊಳವೆಯನ್ನು ಬಾಯಿಯಿಂದ ಎಳೆಯುವ ಪದ್ಧತಿಯನ್ನು ಬಿಡಬೇಕು. ಮೀನಿನ ನೀರು ಹೊಟ್ಟೆಗೆ ಹೋಗಬಾರದು. ಕೈಯಿಂದ ಅದುಮುವ ರಬ್ಬರಿನ ಬುರುಡೆಯುಳ್ಳ ಕೊಳವೆಗಳು ದೊರೆಯುತ್ತವೆ. ಹೀಗೆ ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕುಂಡದ ಗಿಡಗಳಿಗೆ ಅದು ಗೊಬ್ಬರದಂತೆ ಒದಗುತ್ತದೆ. ಅದನ್ನಾಗಲಿ, ಬೇಡವಾದ ಮೀನು, ಗಿಡಗಳನ್ನಾಗಲಿ ಊರ ಕೆರೆಗೆ ಬಿಡುವುದು ಸಲ್ಲದು. ತೊಟ್ಟಿಯ ಗಾಜನ್ನು ನೆಕ್ಕುವ ಪರದೇಶದ ಬೆಕ್ಕುಮೀನುಗಳು ಹೀಗೆ ಹೊರಬಿದ್ದು, ಆಂಧ್ರ ಮತ್ತು ತೆಲಂಗಾಣದ ಜಲಮೂಲಗಳಲ್ಲಿ ಹರಡಿ ಮೀನುಗಾರರಿಗೆ ಪೀಡೆಯಾಗಿವೆ.

ತೊಟ್ಟಿಗೆ ನೀರು ಸೇರಿಸುವಾಗ

ಬೆರಕೆಯನ್ನು ಡ್ರಮ್ಮಿನಲ್ಲಿಯೇ ಮಾಡಿ ಮುಗಿಸಬೇಕು. ಮೀನುಗಳಿರುವ ತೊಟ್ಟಿಯಲ್ಲಿ ಮಾಡಬಾರದು. ಬೆರಕೆಗೆ ಸೇರಿಸುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ಗಾಳಿ ಹಾಯಿಸಬಹುದು; ಅವಸರವಿದ್ದಲ್ಲಿ ಸೋಡಿಯಂ ಥಯೋಸಲ್ಫೇಟ್ ಬಳಸಬಹುದು. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿಲಿಗ್ರಾಂ ಥಯೋಸಲ್ಫೇಟ್ ಬೇಕು. ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಹರಳುಗಳನ್ನು ಕರಗಿಸಿಟ್ಟರೆ, ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ 20 ಲೀಟರ್ ನೀರಿಗೆ ಆ ದ್ರಾವಣದ 7 ಮಿಲಿಲೀಟರ್ ಸಾಕು. ಆರ್.ಒ. ಯಂತ್ರದೊಳಗೆ ಈ ಕೆಲಸವನ್ನು ಇದ್ದಿಲಿನ ಶೋಧಕ ಮಾಡುತ್ತದೆ. ಅದನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಕ್ಲೋರಿನ್ ತಾಗಿ ದುಬಾರಿಯಾದ ಪೊರೆಯೇ ಹಾಳಾಗುತ್ತದೆ.

ಹೊಸ ನೀರಿನ ಉಷ್ಣತೆ ತೊಟ್ಟಿಯ ನೀರಿನ ಉಷ್ಣತೆಗೆ ಒಂದೆರಡು ಡಿಗ್ರಿಗಳೊಳಗೆ ಹೊಂದಬೇಕು. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಬಾಲ್ಕನಿಯ ಡ್ರಮ್ಮಿನ ನೀರು ಗಮನಾರ್ಹವಾಗಿ ತಣ್ಣಗಿರುತ್ತದೆ. ಹಿಂದಿನ ಸಂಜೆಯೇ ಕ್ಯಾನುಗಳನ್ನು ಒಳಗೆ ತಂದಿಟ್ಟರೆ ಬಿಸಿನೀರು ಬೆರೆಸುವ ಗೊಡವೆ ಇರುವುದಿಲ್ಲ.

ಆವಿಯಾಗಿ ಹೋದ ನೀರನ್ನು ಭರ್ತಿ ಮಾಡುವ ನಿಯಮ ಬೇರೆ. ಆವಿಯಾಗುವುದು ನೀರು ಮಾತ್ರ. ಲವಣಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ. 100 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾಗಿ, ಆ ಜಾಗಕ್ಕೆ 600 ಟಿ.ಡಿ.ಎಸ್. ಇರುವ ನೀರನ್ನು ಹಾಕುತ್ತಾ ಹೋದರೆ ತೊಟ್ಟಿಯ ಲವಣಾಂಶ ದಿನಕ್ಕೆ 6ರಂತೆ ಏರಿ, ನೂರು ದಿನಗಳಲ್ಲಿ 600ರಷ್ಟು ಹೆಚ್ಚುತ್ತದೆ. ನೀರಿನ ಮಟ್ಟ ಮಾತ್ರ ದಿನವೂ ಅಷ್ಟೇ ಇರುವುದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಬೆರಕೆಯ ನೀರು ನೀರು ಬದಲಾಯಿಸುವುದಕ್ಕೆ, ಅಪ್ಪಟ ಆರ್.ಒ. ನೀರು ಆವಿಯಾದುದನ್ನು ತುಂಬುವುದಕ್ಕೆ. ಎರಡು ಕ್ಯಾನುಗಳಿಗೂ ಬೇರೆ ಬೇರೆ ಬಣ್ಣದ ಪಟ್ಟಿಯನ್ನು ಅಂಟಿಸಿದರೆ ಮನೆಯಲ್ಲಿ ಯಾರು ಹಾಕಿದರೂ ತಪ್ಪಾಗದು. ಸಮುದ್ರದ ಮೀನುಗಳನ್ನು ಸಾಕುವ ಕೆಲವರಿಗೆ ಈ ನಿಯಮ ಇನ್ನೂ ಕಟ್ಟುನಿಟ್ಟಾದುದು. ಅವರು ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಲವಣವನ್ನು ಆರ್.ಒ. ನೀರಿನಲ್ಲಿ ಕರಗಿಸಿ, ಒಂದು ದಿನ ಪಂಪಿನಿಂದ ಕಲಕಿ, ಸಾಪೇಕ್ಷ ಸಾಂದ್ರತೆ 1.025ರ ಹತ್ತಿರವಿರುವುದನ್ನು ನೋಡಿಕೊಂಡ ಮೇಲೆಯೇ ಬಳಸುತ್ತಾರೆ.

ಮನೆ ಬದಲಾಯಿಸುವಾಗ

ಬಾಡಿಗೆ ಮನೆಗಳಲ್ಲಿರುವ ಕುಟುಂಬಗಳಿಗೆ ಕೆಲವು ವರ್ಷಗಳಿಗೊಮ್ಮೆ ಮೀನುತೊಟ್ಟಿಯೊಡನೆ ಸಾಮಾನು ಸಾಗಿಸುವ ಸಂದರ್ಭ ಬರುತ್ತದೆ. ನೀರು ತುಂಬಿದ ತೊಟ್ಟಿಯನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ಎತ್ತಬಾರದು. ಗಾಜಿನ ಅಂಟು ಬಿಡುತ್ತದೆ. ತೊಟ್ಟಿಯ ನೀರಿನಲ್ಲಿ ಅರ್ಧದಷ್ಟನ್ನು ಮುಚ್ಚಳವಿರುವ ಕ್ಯಾನುಗಳಲ್ಲಿ ತುಂಬಿ ಜೊತೆಗೆ ಒಯ್ಯಬೇಕು. ಹೊಸ ಬಡಾವಣೆಯ ಸಂಪಿನ ನೀರು ಹೇಗಿದೆಯೋ ತಿಳಿಯದಿರುವಾಗ ಈ ಹಳೆಯ ನೀರೇ ಮೀನುಗಳಿಗೆ ಆಸರೆ. ಅದರ ಜೊತೆಗೆ ಸಿದ್ಧಪಡಿಸಿದ ಬೆರಕೆಯ ನೀರೂ ಒಂದೆರಡು ಕ್ಯಾನು ಇರಲಿ.

ಮೀನುಗಳಿಗೆ ಹಿಂದಿನ ದಿನದಿಂದಲೇ ಆಹಾರವನ್ನು ನಿಲ್ಲಿಸಬೇಕು. ಅವನ್ನು ಒಯ್ಯುವ ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದುದೆಲ್ಲ ಗಾಳಿ ಇರಬೇಕು; ನೀರು ಹೆಚ್ಚಾದಷ್ಟೂ ಮೀನಿಗೆ ಕ್ಷೇಮವೆಂಬ ಭಾವನೆ ಸರಿಯಲ್ಲ. ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರೆ ಉಷ್ಣತೆ ಏರಿಳಿಯದು. ಎಲ್ಲರೂ ಮರೆಯುವ ವಸ್ತುವೆಂದರೆ ಶೋಧಕದ ಸ್ಪಂಜು. ಅಮೋನಿಯವನ್ನು ನಿವಾರಿಸುವ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಅದರಲ್ಲಿಯೇ ವಾಸಿಸುತ್ತವೆ. ಅದನ್ನು ನಲ್ಲಿಯ ಕೆಳಗೆ ತೊಳೆಯದೆ, ಒಣಗಲು ಬಿಡದೆ, ಹಳೆಯ ನೀರಿರುವ ತೆರೆದ ಬಕೆಟ್ಟಿನಲ್ಲಿ ಇಟ್ಟು ಸಾಗಿಸಬೇಕು. ಮುಚ್ಚಿದ ಪಾತ್ರೆಯಲ್ಲಿ ಹಲವು ಗಂಟೆ ಇಟ್ಟರೆ ಆಮ್ಲಜನಕವಿಲ್ಲದೆ ಅವು ನಾಶವಾಗುತ್ತವೆ. ಹೊಸ ಮನೆಯಲ್ಲಿ ಮೊದಲು ತೊಟ್ಟಿಯನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಹಳೆಯ ನೀರನ್ನು ಸುರಿದು, ಶೋಧಕವನ್ನು ಚಾಲನೆ ಮಾಡಿ, ಚೀಲಗಳನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆನಂತರ ಮೀನುಗಳನ್ನು ಬಿಡಬೇಕು. ಉಳಿದ ಭಾಗವನ್ನು ಬೆರಕೆಯ ನೀರಿನಿಂದ ಎರಡು ಮೂರು ದಿನಗಳಲ್ಲಿ ನಿಧಾನವಾಗಿ ತುಂಬಬಹುದು. ಆ ವಾರ ಆಹಾರವನ್ನು ಅರ್ಧಕ್ಕೆ ಇಳಿಸಿ, ಹೊಸ ಮನೆಯ ನಲ್ಲಿಯ ನೀರನ್ನು ಬೆಳಿಗ್ಗೆ ಮತ್ತು ಸಂಜೆ ಅಳೆದು ಬರೆದಿಟ್ಟುಕೊಂಡರೆ, ಮುಂದಿನ ಬೆರಕೆಯ ಪ್ರಮಾಣವನ್ನು ನಿರ್ಧರಿಸಲು ಬೇಕಾದ ಅಂಕಿಗಳು ಕೈಯಲ್ಲಿರುತ್ತವೆ.